ಗೂನಿನ ಮೇಲಿನ ಅಲೆ

ಮಾರ್ಚ್ ೧೨

ದೊಡ್ಡ ವಿಜ್ಞಾನಿಯವರಿಗೆ,

ಇಲ್ಲಿ ಯಾರೂ ಕ್ಷೇಮವಾಗಿಲ್ಲ. ನೀನು ಕ್ಷೇಮವೋ ಎಂದು ಕೇಳುವ ಮನಸ್ಸೂ ನನಗೆ ಇವತ್ತು ಇಲ್ಲ. ಫೋನು ಮಾಡಬಹುದಿತ್ತು. ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, "ಅದು ಹಾಗಲ್ಲ ದೊಡ್ಡಪ್ಪ" ಎನ್ನುತ್ತೀಯ, ನನಗೆ ಹೇಳಬೇಕಾದ ಮಾತು ಮರೆತುಹೋಗುತ್ತದೆ, ಅಷ್ಟರಲ್ಲಿ ನಿನ್ನ ಅಪ್ಪ ಫೋನು ಕಸಿದುಕೊಂಡು ಊಟ ಆಯಿತಾ ಎಂದು ವಿಚಾರಿಸಲು ಶುರುಮಾಡುತ್ತಾನೆ. ಕಾಗದದಲ್ಲಿ ಯಾರೂ ಬಾಯಿ ಹಾಕುವ ಹಾಗಿಲ್ಲ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಅಕ್ಷರ. ಕಣ್ಣು ಕಿರಿದು ಮಾಡಿಕೊಂಡು ಓದು.

ನಿನ್ನೆ ನಾನೂ ನಿನ್ನ ಅಪ್ಪನೂ ಗೂನಿಗೆ ಹೋಗಿದ್ದೆವು. ಗೂನು ಎಂದರೆ ಏನೆಂದು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಮರೆತ ಹಾಗಿದೆ. ಸಮುದ್ರದ ತಳ ಅಲ್ಲಿ ಮುದುಕಿಯ ಬೆನ್ನಿನ ಹಾಗೆ ಬಾಗಿ ಮೇಲೆದ್ದಿದೆ. ಪಕ್ಕದಲ್ಲಿ ತುರುಬು ಕಟ್ಟಿದ ಹಾಗೆ ಇನ್ನೊಂದು ಸಣ್ಣ ಗುಡ್ಡೆ. ನನ್ನ ಅಪ್ಪ ಹುಡುಕಿದ ಜಾಗ. ಅಲ್ಲಿ ಗಾಳ ಬಿಟ್ಟು ಬರಿಗೈಯಲ್ಲಿ ಬಂದದ್ದು ನನಗೆ ನೆನಪಿಲ್ಲ. ಅದು ಎಲ್ಲಿದೆ ಎಂದು ನಿನ್ನ ದೊಡ್ಡಮ್ಮನಿಗೂ ನಾನು ಹೇಳಿಲ್ಲ. ಅವಳ ಅಣ್ಣಂದಿರ ಬಾಯಿ ಎಂಥದ್ದೆಂದು ನನಗೆ ಗೊತ್ತು.

ನಿನ್ನೆ ಅಲ್ಲಿ ಸಂತೆ ಸೇರಿತ್ತು. ಎಲ್ಲ ಎಳೆಬಲೆಯ ಬೋಟುಗಳು. ತಳವನ್ನು ಕೆರೆದುಕೊಂಡು ಹೋಗುವ ಆ ದರಿದ್ರ ಬಲೆ ಕಟ್ಟಿಕೊಂಡು ಒಂದರ ಹಿಂದೆ ಒಂದು. ಮುಂದಿನ ಬೋಟಿನಲ್ಲಿ ಯಾರು ಗೊತ್ತಾ? ಆಚೆ ದಡದ ಬಿಳಿಟೋಪಿ. ನನ್ನನ್ನು ಕಂಡವನೇ ಕೈ ಬೀಸಿದ.

"ಅಣ್ಣಾ, ನಿಮ್ಮ ಹುಡುಗಿ ಬರೆದದ್ದು ಓದಿದೆ. ದೊಡ್ಡ ಉಪಕಾರ ಆಯ್ತು ಅಂತ ಹೇಳು ಅವಳಿಗೆ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಸಂಜೆ ಡೀಸೆಲ್ ತುಂಬಿಸಲು ಬಂಕಿಗೆ ಹೋದರೆ ಅಲ್ಲಿ ಗೋಡೆಗೆ ಅಂಟಿಸಿದ್ದಾರೆ. ನಿನ್ನ ಲೇಖನ, ಚಿತ್ರ ಸಮೇತ. ನಮ್ಮ ಬೋಟಿನ ಫಿಶ್ ಫೈಂಡರ್, ತಳವನ್ನೂ ಮೀನನ್ನೂ ಪರದೆಯ ಮೇಲೆ ತೋರಿಸುವ ಮೆಷೀನು, ಅದರ ಚಿತ್ರ.

ಎರಡು ವರ್ಷ ಆ ಮೆಷೀನು ಬರೆದುಕೊಂಡದ್ದನ್ನೆಲ್ಲ ನಿನಗೆ ಕೊಟ್ಟೆ. ಯಾರಿಗೂ ಕೊಡದವನು ಕೊಟ್ಟೆ. ಹಾಕಿದ್ದು ಒಂದೇ ಷರತ್ತು, ಜಾಗ ಯಾವುದೆಂದು ಹೊರಗೆ ಬೀಳಬಾರದು. ನೀನೇನು ಮಾಡಿದೆ? ಅಕ್ಷಾಂಶ ರೇಖಾಂಶದ ಅಂಕಿ ಒರೆಸಿದೆ. ಭಾರೀ ಜಾಣೆ. ಕೆಳಗೆ ತಳದ ಗೆರೆಯನ್ನು ಹಾಗೇ ಬಿಟ್ಟೆ, ಬೆನ್ನು, ತುರುಬು, ಎಲ್ಲ. ಮನೆ ನಂಬರು ಅಳಿಸಿ ಮನೆಯ ಫೋಟೋ ಅಚ್ಚು ಹಾಕಿಸಿದ ಹಾಗಾಯಿತು. ಬೋಟು ನಡೆಸುವವನಿಗೆ ಅಂಕಿ ಯಾಕೆ ಬೇಕು? ಅವನು ತಳ ನೋಡುತ್ತಾನೆ.

ಬಂಕಿನಿಂದ ವಾಪಸು ಬರುವಾಗ ದಾರಿಯುದ್ದಕ್ಕೂ ನಿನ್ನ ಅಪ್ಪನದು ಒಂದೇ ಮಾತು. "ಬೇಕಂತ ಮಾಡಿರಲ್ಲ, ಬಿಡಣ್ಣ." ಬೇಕೆಂದು ಮಾಡಿದ್ದರೆ ಬುದ್ಧಿಯಾದರೂ ಇದೆ ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದೆ.

ರಜೆಗೆ ಬರುತ್ತೇನೆ ಎಂದಿದ್ದೆಯಂತೆ. ಬರಬೇಡ.

ದೊಡ್ಡಪ್ಪ


ಮಾರ್ಚ್ ೨೭

ದೊಡ್ಡಪ್ಪನಿಗೆ,

ನೀವು ಹೇಳಿದ ಹಾಗೆ ಕಣ್ಣು ಕಿರಿದು ಮಾಡಿಕೊಂಡೇ ಓದಿದೆ. "ಅದು ಹಾಗಲ್ಲ" ಅನ್ನುವುದಿಲ್ಲ. ನಾನು ಮಾತು ಕೊಟ್ಟಿದ್ದೆ, ಉಳಿಸಿಕೊಳ್ಳಲಿಲ್ಲ.

ಆದರೆ ಹೇಗಾಯಿತು ಎಂದು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಆ ಚಿತ್ರದಲ್ಲಿ ನಾನು ತಳವನ್ನು ನೋಡುವುದೇ ಇಲ್ಲ. ಮೀನನ್ನೂ ನೋಡುವುದಿಲ್ಲ. ನಡುವೆ ಒಂದು ಮಬ್ಬು ಪಟ್ಟಿ ಬರುತ್ತದಲ್ಲ, ನೀವು "ಗಲೀಜು" ಎಂದು ಗುಂಡಿ ತಿರುಗಿಸಿ ಅಳಿಸಿಬಿಡುತ್ತೀರಲ್ಲ, ನನಗೆ ಬೇಕಾದದ್ದು ಅದೇ. ಅದು ಉಗುರಿನಷ್ಟು ಸಿಗಡಿ, ಲೋಳೆಯಂಥ ಜೀವಿಗಳು, ಮರಿಮೀನುಗಳು, ಲೆಕ್ಕವಿಲ್ಲದಷ್ಟು. ಮೆಷೀನು ಕೆಳಗೆ ಕಳಿಸುವ ಸದ್ದು ಅವುಗಳಿಗೂ ತಾಗಿ ವಾಪಸು ಬರುತ್ತದೆ.

ಸಮುದ್ರದಲ್ಲಿ ಮೇಲೆ ಬೆಚ್ಚಗಿನ ನೀರು, ಕೆಳಗೆ ತಣ್ಣಗಿನ, ಭಾರವಾದ ನೀರು. ಎರಡೂ ಸೇರುವ ಕಡೆ ನೀರಿನ ಒಳಗೇ ಅಲೆ ಏಳುತ್ತದೆ. ಮೂರು ಅಂತಸ್ತಿನ ಕಟ್ಟಡದಷ್ಟು ಎತ್ತರದ ಅಲೆ ಬೋಟಿನ ಕೆಳಗೆ ಹಾದುಹೋದರೂ ಮೇಲೆ ಟೀ ಲೋಟ ಅಲುಗಾಡುವುದಿಲ್ಲ. ಆ ಪುಟ್ಟ ಜೀವಗಳಿಗೆ ಅದರ ಎದುರು ಈಜುವ ಶಕ್ತಿಯಿಲ್ಲ. ಅಲೆ ಎತ್ತಿದಾಗ ಏಳುತ್ತವೆ, ಇಳಿಸಿದಾಗ ಇಳಿಯುತ್ತವೆ. ಗಾಳಿ ಕಣ್ಣಿಗೆ ಕಾಣುವುದಿಲ್ಲ, ತಂತಿಯ ಮೇಲೆ ಒಣಹಾಕಿದ ಬಟ್ಟೆ ಕಾಣುತ್ತದೆ. ನನ್ನ ಕೆಲಸವೆಲ್ಲ ಆ ಬಟ್ಟೆ ನೋಡುವುದು.

ಗೂನಿನ ಹತ್ತಿರ ಸಮುದ್ರ ಉಬ್ಬಿ ಭರತ ಬಂದ ಹಿಂದೆಯೇ ಈ ಅಲೆಗಳು ಸಾಲುಗಟ್ಟಿ ಬರುತ್ತವೆ, ಗೂನಿಗೆ ಬಡಿದು ಒಡೆಯುತ್ತವೆ, ಆಮೇಲೆ ಗಂಟೆಗಟ್ಟಲೆ ಒಳಗಿನ ನೀರು ಸುಮ್ಮನಿರುತ್ತದೆ. ಮುಂದಿನ ಸಾಲು ಯಾವಾಗ ಎಂದು ಭರತದ ವೇಳೆ ನೋಡಿ ಮೊದಲೇ ಹೇಳಬಹುದು. ನಾನು ಬರೆದದ್ದು ಅಷ್ಟೇ. ಅದರ ಖುಷಿಯಲ್ಲಿ ಕೆಳಗಿನ ಗೆರೆ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಚಿತ್ರವನ್ನು ಇಂಟರ್ನೆಟ್ಟಿನಿಂದ ತೆಗೆಸಿದ್ದೇನೆ. ಅಚ್ಚಾಗಿ ಹೋದದ್ದಕ್ಕೆ ಏನೂ ಮಾಡಲಾರೆ.

ಬರಬೇಡ ಎಂದಿದ್ದೀರಿ. ಬರುವುದಿಲ್ಲ. ಅಪ್ಪನ ಮಂಡಿನೋವು ಹೇಗಿದೆ ಎಂದಾದರೂ ಬರೆಯಿರಿ.

ನಿಮ್ಮ ಮಗಳು


ಏಪ್ರಿಲ್ ೨೨

ಮಗಳು ಎಂದು ಸಹಿ ಹಾಕಿದವಳಿಗೆ,

ನಿನ್ನ ಅಪ್ಪನ ಮಂಡಿ ಹಾಗೇ ಇದೆ. ಇಂಜಿನ್ ರೂಮಿಗೆ ಇಳಿಯುವಾಗ ಒಂದು ಸಲ, ಹತ್ತುವಾಗ ಒಂದು ಸಲ ನರಳುತ್ತಾನೆ. ನಡುವೆ ನಿನ್ನ ಪರ ವಕಾಲತ್ತು.

ನೀನು ಹೇಳಿದ ಪಟ್ಟಿಯನ್ನು ನೋಡಿದೆ. ನಿನಗಾಗಿ ನೋಡಿದ್ದಲ್ಲ. ಯಾವ ಕಸಕ್ಕೋಸ್ಕರ ನನ್ನ ಜಾಗ ಹೋಯಿತು ಎಂದು ನೋಡಬೇಕಾಗಿತ್ತು. ಗುಂಡಿಯನ್ನು ಪೂರ್ತಿ ತಿರುಗಿಸಿ ಬಿಟ್ಟೆ. ಪರದೆ ತುಂಬ ಮಬ್ಬು. ಮೇಲೆ ಸಮುದ್ರ ಎಣ್ಣೆ ಸವರಿದ ಹಾಗೆ, ಒಂದು ಸುಕ್ಕಿಲ್ಲ. ಒಳಗೆ ಆ ಪಟ್ಟಿ ಮಲಗಿದವನ ಹೊಟ್ಟೆಯ ಹಾಗೆ ಏಳುತ್ತದೆ, ಇಳಿಯುತ್ತದೆ. ನಿನ್ನ ಅಪ್ಪನನ್ನು ಕರೆದು ತೋರಿಸಿದೆ.

"ಉಸಿರಾಡ್ತಾ ಇದೆ," ಎಂದ.

"ನಿನ್ನ ಮಗಳ ತಲೆ," ಎಂದೆ.

"ಅದೂ ಉಸಿರಾಡುತ್ತೆ ಬಿಡಣ್ಣ, ಬರೀ ನಿನ್ನ ಕೋಪಕ್ಕೆ ಮಾತ್ರ ಉಸಿರು ಬಿಡೋಕೆ ಪುರುಸೊತ್ತಿಲ್ಲ."

ಅವನಿಗೆ ಇಷ್ಟು ಮಾತು ಯಾವಾಗ ಬಂತೋ ತಿಳಿಯದು.

ನೋಡಿದ್ದಾಯಿತು, ಚೆನ್ನಾಗಿದೆ. ಆದರೆ ಪಟ್ಟಿಯನ್ನು ಹುರಿದು ತಿನ್ನಲಾಗುವುದಿಲ್ಲ. ಅದರ ಕೆಳಗೆ ಮೊದಲು ದೊಡ್ಡ ಮೀನುಗಳು ಪರದೆಯ ಮೇಲೆ ಕೊಕ್ಕೆಯಂಥ ಗೆರೆಗಳಾಗಿ ಒತ್ತೊತ್ತಾಗಿ ಕಾಣುತ್ತಿದ್ದವು. ಈಗ ಅಲ್ಲೊಂದು ಇಲ್ಲೊಂದು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಗಾಳ ಬಿಟ್ಟು ಕೂತೆವು. ಅರ್ಧ ಪೆಟ್ಟಿಗೆ ತುಂಬಲಿಲ್ಲ. ಬಿಳಿಟೋಪಿಯ ಬೋಟು ಮಾತ್ರ ನಮ್ಮನ್ನು ಸುತ್ತಿಕೊಂಡು ಹೋಯಿತು, ನಮ್ಮ ಎದುರಿಗೇ ಬಲೆ ಎತ್ತಿತು. ಬಲೆಯಲ್ಲಿ ಮೀನಿಗಿಂತ ಕಲ್ಲು ಜಾಸ್ತಿ. ಕಲ್ಲೆಂದರೆ ಬರೀ ಕಲ್ಲಲ್ಲ, ಅದರ ಮೇಲೆ ಹೂವಿನ ಗಿಡದ ಹಾಗೆ ಏನೇನೋ ಬೆಳೆದುಕೊಂಡಿದ್ದವು. ಎಲ್ಲವನ್ನೂ ಸಲಿಕೆಯಲ್ಲಿ ತೆಗೆದು ಆಚೆ ಎಸೆದರು. ಮನೆ ಕೆಡವಿ ಇಟ್ಟಿಗೆ ಹೊರಗೆ ಎಸೆಯುವುದನ್ನು ನೋಡಿದ್ದೀಯಾ? ಮನೆಯವನನ್ನು ಎದುರಿಗೇ ಕೂರಿಸಿಕೊಂಡು?

ಇಷ್ಟೊಂದು ಓದಿದ್ದೀಯ. ನಿಮ್ಮ ಆಫೀಸಿಗೆ ಬರೀ ಕಣ್ಣು ಕೊಟ್ಟಿದ್ದಾರಾ, ಕೈ ಕೊಟ್ಟಿಲ್ಲವಾ?

ದೊಡ್ಡಪ್ಪ


ಮೇ ೯

ದೊಡ್ಡಪ್ಪನಿಗೆ,

ಕೈ ಇದೆ, ಒಂದೇ ಒಂದು. ಕೇಳಿದರೆ ನಿಮಗೆ ಇನ್ನೂ ಸಿಟ್ಟು ಬರುತ್ತದೆ.

ಮೀನುಗಾರಿಕೆ ಇಲಾಖೆಗೆ ಅರ್ಜಿ ಹಾಕಿದರೆ ಗೂನಿನಲ್ಲಿ ಮೀನು ಹಿಡಿಯುವುದನ್ನು ಐದು ವರ್ಷ ನಿಲ್ಲಿಸಬಹುದು. ಅಲೆ ಒಡೆದಾಗ ಕೆಳಗಿನ ತಣ್ಣೀರು ಮೇಲೆ ಬರುತ್ತದೆ, ಪುಟ್ಟ ಜೀವಿಗಳಿಗೆ ಮೇವು ಅದರಿಂದಲೇ, ಅವುಗಳಿಂದ ನಿಮ್ಮ ಮೀನು. ಇದಕ್ಕೆ ನಿಮ್ಮ ಮೆಷೀನಿನ ಎರಡು ವರ್ಷದ ದಾಖಲೆಗಿಂತ ಒಳ್ಳೆಯ ಸಾಕ್ಷಿ ಎಲ್ಲೂ ಇಲ್ಲ. ನನಗೆ ಈ ಸಂಶೋಧನೆ ಕಲಿಸಿದ ಮೇಷ್ಟ್ರು ವಿಚಾರಣೆಗೆ ಬಂದು ಹೇಳುತ್ತಾರೆ. ಆದರೆ ಜಾಗ ಯಾವುದೆಂದು ಅವರೂ ಹೇಳುವ ಹಾಗಿಲ್ಲ, ನಾನೂ ಹೇಳುವ ಹಾಗಿಲ್ಲ. ನಿಮಗೆ ಕೊಟ್ಟ ಮಾತು ಈಗಲೂ ಇದೆ. ನೀವೇ ಬಂದು, ಎಲ್ಲರ ಎದುರಿಗೆ, ನಕ್ಷೆಯ ಮೇಲೆ ಗುರುತು ಹಾಕಬೇಕು.

ಇನ್ನೊಂದು ವಿಷಯ. ಈ ಸಾಲನ್ನು ಎರಡು ಸಲ ಓದಿ. ನಿಲ್ಲಿಸಿದರೆ ಎಲ್ಲರಿಗೂ ನಿಲ್ಲಿಸುತ್ತಾರೆ, ಗಾಳದವರಿಗೂ ಸೇರಿಸಿ. ನಾನು ಕೇಳಿ ನೋಡಿದೆ. ಬೇರೆ ಮಾಡಲಾಗುವುದಿಲ್ಲ ಎಂದರು.

ಅರ್ಜಿಯನ್ನು ಮೇಷ್ಟ್ರೇ ಹಾಕುತ್ತಾರೆ, ವಿಚಾರಣೆ ಆಗಸ್ಟಿನ ಕೊನೆಯಲ್ಲಿ. ಆಗ ನಾನು ಇರುವುದಿಲ್ಲ. ಜೂನ್ ಮೊದಲ ವಾರ ಸಂಶೋಧನಾ ಹಡಗು ಹತ್ತುತ್ತೇನೆ. ಇಂಥದ್ದೇ ಕೆಲಸ, ಬೇರೆ ಸಮುದ್ರ, ಬೇರೆ ಗುಡ್ಡ. ಕಾಗದ ಬರೆದರೆ ಹಡಗು ನಿಲ್ಲುವ ಬಂದರಿನಲ್ಲಿ ಸಿಗುತ್ತದೆ, ವಿಳಾಸ ಹಿಂಬದಿಯಲ್ಲಿದೆ.

ಬನ್ನಿ ಎಂದು ಕೇಳುವ ಧೈರ್ಯ ನನಗಿಲ್ಲ.

ನಿಮ್ಮ ಮಗಳು


ಮೇ ೧೮

ಎರಡು ಸಲ ಓದು ಎಂದವಳಿಗೆ,

ಓದಿದೆ. ಮೂರನೇ ಸಲ ನಿನ್ನ ದೊಡ್ಡಮ್ಮನ ಕೈಯಲ್ಲಿ ಓದಿಸಿದೆ, ನನ್ನ ಕಣ್ಣೇ ಕೆಟ್ಟಿರಬಹುದು ಎಂದು.

ಮನೆಗೆ ಕಳ್ಳ ನುಗ್ಗಿದ ಎಂದು ದೂರು ಕೊಟ್ಟರೆ ಮನೆಯವನನ್ನೂ ಹೊರಗೆ ಹಾಕಿ ಬೀಗ ಜಡಿಯುವವರು ನೀವು. ಗಾಳದವನು ಏನು ಮಾಡಿದ? ಒಂದು ದಾರ, ಒಂದು ಕೊಕ್ಕೆ, ಒಂದು ಮೀನು. ತಳಕ್ಕೆ ಒಂದು ಗೀರು ಬಿದ್ದಿಲ್ಲ ಇಷ್ಟು ವರ್ಷದಲ್ಲಿ. ಬೇರೆ ಮಾಡಲಾಗುವುದಿಲ್ಲವಂತೆ. ಎಳೆಬಲೆಗೂ ಗಾಳಕ್ಕೂ ವ್ಯತ್ಯಾಸ ಗೊತ್ತಿಲ್ಲದವರು ಮೀನುಗಾರಿಕೆ ಇಲಾಖೆಯಲ್ಲಿ ಕೂತು ಏನು ಹಿಡಿಯುತ್ತಾರೆ, ನೊಣವಾ?

ಅಷ್ಟಾಗಿ, ನಾನೇ ಹೋಗಿ, ಬಿಳಿಟೋಪಿಯ ಎದುರಿಗೆ ನಿಂತು, ಇಗೋ ನನ್ನ ಜಾಗ ಎಂದು ಬೆರಳಿಟ್ಟು ತೋರಿಸಬೇಕು. ನನ್ನ ಅಪ್ಪ ಸಾಯುವ ಹೊತ್ತಿಗೆ ಕಿವಿಯಲ್ಲಿ ಹೇಳಿದ್ದನ್ನು.

ನಿನ್ನ ಅಪ್ಪ ಹೋಗೋಣ ಎನ್ನುತ್ತಾನೆ. ಅವನೊಬ್ಬನೇ ಹೋಗಲಿ. ಅವನಿಗೆ ನಕ್ಷೆ ತಲೆಕೆಳಗಾಗಿ ಹಿಡಿದರೂ ತಿಳಿಯುವುದಿಲ್ಲ.

ಇದಕ್ಕೆ ಉತ್ತರ ಬರೆಯಬೇಡ. ಹಡಗು ಹತ್ತು. ಬೆಚ್ಚಗಿನ ಬಟ್ಟೆ ಇಟ್ಟುಕೊಂಡು ಹೋಗು ಎಂದು ದೊಡ್ಡಮ್ಮ ಬರೆಯಹೇಳಿದಳು. ನಾನು ಹೇಳಿದ್ದಲ್ಲ.

ದೊಡ್ಡಪ್ಪ


ಆಗಸ್ಟ್ ೩೦

ಮಗಳೇ,

ವಿಚಾರಣೆಗೆ ಹೋಗಿದ್ದೆ.

ಯಾಕೆ ಹೋದೆ ಎಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ದೊಡ್ಡಪ್ಪನ ಮನಸ್ಸು ಕರಗಿತು ಎಂದುಕೊಳ್ಳುತ್ತೀಯ. ಆಗಸ್ಟಿನ ಮೊದಲ ವಾರ ಒಂದು ದಿನ ಗೂನಿನ ಮೇಲೆ ಬೋಟು ನಿಲ್ಲಿಸಿ ಮೆಷೀನು ಹಾಕಿದೆ. ಬೆನ್ನು ಬಂತು. ತುರುಬು ಬರಲಿಲ್ಲ. ಜಾಗ ತಪ್ಪಿದೆ ಎಂದು ಬೋಟು ತಿರುಗಿಸಿ ಮತ್ತೆ ಬಂದೆ. ತುರುಬು ಇಲ್ಲ. ಆ ಜಾಗದಲ್ಲಿ ತಳ ಮೇಜಿನ ಹಾಗೆ ಚಪ್ಪಟೆ. ಬೋಳಿಸಿಬಿಟ್ಟಿದ್ದಾರೆ. ನಿನ್ನ ಅಪ್ಪನಿಗೂ ತೋರಿಸಿದೆ. ನನಗೆ ಸಿಗದಿದ್ದರೆ ಬೇಡ, ಅವರಿಗೂ ಸಿಗಬಾರದು ಎಂದು ಹೋದೆ. ಅಷ್ಟೇ. ಇದರಲ್ಲಿ ಒಳ್ಳೆಯತನ ಹುಡುಕಬೇಡ.

ಇಲಾಖೆಯ ಹಾಲಿನಲ್ಲಿ ಫ್ಯಾನು ಸದ್ದು ಮಾಡುತ್ತಿತ್ತು, ತಿರುಗುತ್ತಿರಲಿಲ್ಲ. ಮುಂದೆ ಅಧಿಕಾರಿ, ಅವನ ಪಕ್ಕ ನಿನ್ನ ಮೇಷ್ಟ್ರು. ಮೇಷ್ಟ್ರು ನಮ್ಮ ಮೆಷೀನಿನ ಚಿತ್ರಗಳನ್ನು ಗೋಡೆಯ ಮೇಲೆ ಬಿಟ್ಟು ಬಹಳ ಹೊತ್ತು ಮಾತಾಡಿದರು. ಒಳ್ಳೆಯ ಮನುಷ್ಯ. ಒಂದು ವಾಕ್ಯ ಶುರುಮಾಡಿದರೆ ಅದನ್ನು ಮುಗಿಸುವ ಹೊತ್ತಿಗೆ ನಾವು ಒಂದು ಬಲೆ ಹೊಲಿದು ಮುಗಿಸಬಹುದು. ಎರಡನೇ ಸಾಲಿನಲ್ಲಿ ಬಿಳಿಟೋಪಿ, ಟೋಪಿ ತೊಡೆಯ ಮೇಲೆ. ತಲೆಯಲ್ಲಿ ಒಂದು ಕೂದಲಿಲ್ಲ ಎಂದು ಅವತ್ತೇ ಗೊತ್ತಾದದ್ದು.

ಆಮೇಲೆ ನನ್ನನ್ನು ಕರೆದರು. ನಕ್ಷೆ ಹಾಸಿ ಕೈಗೆ ಪೆನ್ಸಿಲು ಕೊಟ್ಟರು.

"ಇವರನ್ನೆಲ್ಲ ಹೊರಗೆ ಕಳಿಸಿ," ಎಂದೆ.

"ಆದೇಶ ಹೊರಟ ಮೇಲೆ ಎಲ್ಲರಿಗೂ ಗೊತ್ತಾಗಲೇಬೇಕಲ್ಲ ಯಜಮಾನ್ರೇ. ಎಲ್ಲಿ ಹೋಗಬಾರದು ಅಂತ ತಿಳಿಯೋದು ಬೇಡವಾ ಅವರಿಗೆ?" ಎಂದ ಅಧಿಕಾರಿ.

ನ್ಯಾಯವಾದ ಮಾತೇ. ಅದಕ್ಕೇ ಇನ್ನೂ ಉರಿಯಿತು. ಪೆನ್ಸಿಲು ಒತ್ತಿ ಒಂದು ಗುರುತು ಹಾಕಿದೆ.

ಹಿಂದಿನಿಂದ ದನಿ ಬಂತು. "ಸ್ವಲ್ಪ ಎಡಕ್ಕೆ, ಅಣ್ಣಾ."

ಎಲ್ಲರೂ ನಕ್ಕರು. ನಾನು ತಿರುಗಿ ನಿಂತೆ. "ಮಾರ್ಚಿನಲ್ಲಿ ಮೊದಲ ಸಲ ಆ ಜಾಗ ಕಂಡವನು ನನಗೆ ಎಡ ಬಲ ಹೇಳಿಕೊಡ್ತೀಯಾ?"

"ಮಾರ್ಚಿನಲ್ಲಾ?" ಬಿಳಿಟೋಪಿ ಎದ್ದು ನಿಂತ. "ನಮ್ಮಪ್ಪ ನನ್ನ ಮೊದಲ ಸಲ ಬೋಟು ಹತ್ತಿಸಿ ಕರ್ಕೊಂಡು ಹೋದದ್ದೇ ಅಲ್ಲಿಗೆ. ಗೂನು ಅಂತ ನೀನು ಕರೀತೀಯ, ನಾವು ಒಂಟೆ ಅಂತಿದ್ವಿ."

"ಮತ್ತೆ ಅವಳು ಹಾಕಿದ ಚಿತ್ರ ನೋಡಿ ತಾನೇ ಬಂದದ್ದು ನೀನು?"

"ನೋಡೇ ಇಲ್ಲದ ಮುಖಾನ ಫೋಟೋದಲ್ಲಿ ಗುರುತು ಹಿಡಿಯೋಕೆ ಆಗುತ್ತಾ? ಗೊತ್ತಿತ್ತು, ಅದಕ್ಕೇ ಗುರುತು ಸಿಕ್ತು."

ಆರು ತಿಂಗಳಿನಿಂದ ನಿನ್ನನ್ನು ಬೈದದ್ದು ಬೈದದ್ದೇ, ಇಷ್ಟು ಸಣ್ಣ ವಿಷಯ ತಲೆಗೆ ಹೊಳೆಯಲಿಲ್ಲ. ತಳದ ಗೆರೆ ನೋಡಿ ಜಾಗ ಹಿಡಿಯಬೇಕಾದರೆ ಆ ತಳವನ್ನು ಮೊದಲೇ ಕಂಡಿರಬೇಕು. ನೀನು ಆ ಗೆರೆ ಬಿಟ್ಟದ್ದರಿಂದ ಯಾರಿಗೂ ಹೊಸದಾಗಿ ಏನೂ ಗೊತ್ತಾಗಿಲ್ಲ. ಅದಕ್ಕೆ ಬೈದದ್ದನ್ನು ವಾಪಸು ತಗೊಂಡಿದ್ದೇನೆ.

ಇಲ್ಲಿಗೆ ನಿಲ್ಲಿಸು ಎಂದು ನಿನ್ನ ಅಪ್ಪ ಪಕ್ಕದಲ್ಲಿ ಕೂತು ಗೋಗರೆಯುತ್ತಿದ್ದಾನೆ. ಮುಂದಿನದು ಅವಳಿಗೆ ಬೇಡ, ಹಡಗಿನಲ್ಲಿ ಒಬ್ಬಳೇ ಇರುತ್ತಾಳೆ ಎನ್ನುತ್ತಾನೆ. ನಾನು ಬರೆಯುತ್ತೇನೆ. ನೀನು ಮಗುವಲ್ಲ.

ಗೊತ್ತಿದ್ದರೆ ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಅಧಿಕಾರಿ ಬಿಳಿಟೋಪಿಯನ್ನು ಕೇಳಿದ. ಅವನು ಹೇಳಿದ್ದನ್ನು ಅವನು ಹೇಳಿದ ಹಾಗೇ ಬರೆಯುತ್ತೇನೆ.

"ಬರ್ತಿದ್ವಿ ಸಾರ್. ಬಲೆ ಬಿಟ್ಟಾಗೆಲ್ಲ ಒಗೆದ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಮೇಲೆ ಬರ್ತಿತ್ತು. ಒಂದು ಸಲ ಬೋಟನ್ನೇ ಎಳೆದು ವಾಲಿಸ್ತು. ಮೇಲೆ ನೋಡಿದ್ರೆ ನೀರು ಕನ್ನಡಿ. ನಮ್ಮಪ್ಪ ದೆವ್ವ ಅಂತ ಹೇಳಿ ಬಿಟ್ಟುಬಿಟ್ಟ, ನಾನೂ ಬಿಟ್ಟೆ. ಇವರ ಹುಡುಗಿ ಬರೆದಳಲ್ಲ, ಅದು ದೆವ್ವ ಅಲ್ಲ, ಒಳಗಿನ ಅಲೆ, ಭರತ ಆಗಿ ಇಷ್ಟು ಹೊತ್ತಿಗೆ ಬರುತ್ತೆ, ಇಷ್ಟು ಹೊತ್ತಿಗೆ ಹೋಗುತ್ತೆ ಅಂತ. ಅದು ಹೋದ ಮೇಲೆ ಬಲೆ ಬಿಟ್ಟೆ. ನೆಟ್ಟಗೆ ಬಂತು."

ನಿನ್ನ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಗಾಳದ ದಾರಕ್ಕೆ ಆ ಅಲೆ ಏನೂ ಮಾಡುತ್ತಿರಲಿಲ್ಲ. ತುಸು ಓರೆಯಾಗುತ್ತಿತ್ತು, ನಾನು ಒಳಸೆಳೆತ ಎಂದುಕೊಳ್ಳುತ್ತಿದ್ದೆ. ಗೂನನ್ನು ನಾನು ಬಾಯಿ ಮುಚ್ಚಿಕೊಂಡು ಕಾಪಾಡಿದ್ದೇನೆ ಎಂದು ಇಷ್ಟು ದಿನ ಎದೆ ಉಬ್ಬಿಸಿಕೊಂಡಿದ್ದೆನಲ್ಲ, ಕಾಪಾಡಿದ್ದು ನಾನಲ್ಲ. ಆ ಅಲೆ ಕಾಪಾಡಿದ್ದು. ಅದು ಯಾವ ಹೊತ್ತಿಗೆ ಕಾವಲು ಬಿಟ್ಟು ಹೋಗುತ್ತದೆ ಎಂದು ನೀನು ಬರೆದೆ. ಅಂಕಿಸಂಖ್ಯೆ ಸಮೇತ, ಸರಿಯಾಗಿ ಬರೆದೆ. ತಪ್ಪು ಬರೆದಿದ್ದರೆ ಅವನ ಬಲೆ ಇನ್ನೊಮ್ಮೆ ತಿರುಚಿಕೊಳ್ಳುತ್ತಿತ್ತು.

ಆದೇಶ ಆಯಿತು. ಐದು ವರ್ಷ ಯಾರೂ ಹೋಗುವ ಹಾಗಿಲ್ಲ. ಗಾಳವೂ ಬಿಡುವ ಹಾಗಿಲ್ಲ. ಸಹಿ ಹಾಕುವಾಗ ಅಧಿಕಾರಿಗೆ ಬಾಯಿಗೆ ಬಂದದ್ದು ಹೇಳಿದೆ, ಅವನು ಟೀ ತರಿಸಿದ. ಗುರುತು ಬಿಳಿಟೋಪಿ ಹೇಳಿದ ಕಡೆಗೇ ಬಿತ್ತು, ಅವನು ಹೇಳಿದ್ದು ಸರಿ ಇತ್ತು. ಇನ್ನು ನಾವು ದಡದ ಹತ್ತಿರವೇ ಗಾಳ ಬಿಡಬೇಕು. ನಿನ್ನ ಅಪ್ಪನ ಮಂಡಿಗೆ ಅದೇ ಒಳ್ಳೆಯದು ಎನ್ನುತ್ತಾಳೆ ನಿನ್ನ ದೊಡ್ಡಮ್ಮ. ನನಗೆ ಯಾವುದು ಒಳ್ಳೆಯದು ಎಂದು ಯಾರೂ ಕೇಳಿಲ್ಲ.

ಈಗ ಕೇಳು. ನಿನ್ನ ಮೇಲೆ ನನಗೆ ಸಿಟ್ಟಿದೆ. ಮೊದಲಿನದು ಹೋಯಿತು, ಇದು ಬೇರೆ, ಇದರಲ್ಲಿ ಬೈಯಲು ಎಲ್ಲಿ ಹಿಡಿಯಬೇಕೆಂದು ಇನ್ನೂ ಗೊತ್ತಾಗಿಲ್ಲ. ನೀನು ಸುಳ್ಳು ಹೇಳಲಿಲ್ಲ, ಮಾತು ಮುರಿಯಲಿಲ್ಲ, ನಿನ್ನ ಕೆಲಸ ಮಾಡಿದೆ. ನಾನು ಇದನ್ನೆಲ್ಲ ಬರೆಯುತ್ತಿರುವುದು ನೀನು ಅಳಲಿ ಎಂದಲ್ಲ. ಬೇರೆ ಸಮುದ್ರ, ಬೇರೆ ಗುಡ್ಡ ಎಂದು ಬರೆದಿದ್ದೆ. ಅಲ್ಲಿಯೂ ಅಲೆಯೊಂದು ಯಾವುದಾದರೂ ಗುಡ್ಡ ಕಾಯುತ್ತಿರಬಹುದು. ಅದರ ವೇಳಾಪಟ್ಟಿಯನ್ನು ನೀನು ಈಗ ಬರೆದುಕೊಳ್ಳುತ್ತಿರಬಹುದು.

ಬರೆಯಬೇಡ ಎನ್ನುವುದಿಲ್ಲ. ಬೇಡ ಎಂದರೆ ಬಿಡುವವಳೂ ನೀನಲ್ಲ, ನಮ್ಮ ಮನೆಯ ರಕ್ತ. ಆದರೆ ಅಚ್ಚಿಗೆ ಕೊಡುವ ಮೊದಲು ಅದನ್ನು ಇಲ್ಲಿಗೆ ತಗೊಂಡು ಬಾ. ಅಡುಗೆಮನೆಯ ಮೇಜಿನ ಮುಂದೆ ಕೂತು ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದು. ನಾನು ಕೇಳುತ್ತೇನೆ. ನಿನ್ನ ಅಪ್ಪನಿಗೆ ಅರ್ಥವಾಗದಿದ್ದರೂ ತಲೆ ಆಡಿಸುತ್ತಾನೆ.

ಬಿಳಿಟೋಪಿಯನ್ನೂ ಕೂರಿಸಿಕೊಳ್ಳೋಣ. ಮೊನ್ನೆ ಹೋಗಿ ಅವನಿಗೆ ಹೇಳಿ ಬಂದೆ. ನೀನು ಬರೆದದ್ದನ್ನು ಹಿಡಿದು ಬಲೆಯವರು ಎಲ್ಲಿಂದ ನುಗ್ಗಬಹುದು ಎಂದು ನಿನಗೂ ನಿನ್ನ ಮೇಷ್ಟ್ರಿಗೂ ಎಷ್ಟು ಸಲ ಓದಿದರೂ ಕಾಣುವುದಿಲ್ಲ. ಅವನಿಗೆ ಕೇಳಿದ ಕೂಡಲೇ ಕಾಣುತ್ತದೆ. ಅವನು ಬರುತ್ತೇನೆ ಎಂದಿದ್ದಾನೆ. ಓದುತ್ತ ಯಾವ ಸಾಲಿಗೆ ಅವನು ನಗುತ್ತಾನೋ ಆ ಸಾಲನ್ನು ಹೊಡೆದುಹಾಕು.

ನಿನ್ನ
ದೊಡ್ಡಪ್ಪ